ಪ್ರಶಸ್ತಿಗೆ ನಡತೆಯ ಸರ್ಟಿಫಿಕೇಟ್: ನೋರಾ ಔನೋರ್ ಪ್ರಕರಣ

2014ರ ಜೂನ್ 20ರಂದು ಫಿಲಿಪ್ಪೀನ್ಸ್ ಅಧ್ಯಕ್ಷರ ನಿವಾಸವಾದ ಮಲಕಾನ್ಯಾಂಗ್ ಅರಮನೆಯಿಂದ ಆ ವರ್ಷದ ರಾಷ್ಟ್ರೀಯ ಕಲಾವಿದರ ಪಟ್ಟಿ ಹೊರಬಿತ್ತು. ನೃತ್ಯಕ್ಕೆ ಆಲಿಸ್ ರೇಯೆಸ್, ಸಾಹಿತ್ಯಕ್ಕೆ ಸಿರಿಲೊ ಬೌತಿಸ್ತಾ, ಸಂಗೀತಕ್ಕೆ ಫ್ರಾನ್ಸಿಸ್ಕೊ ಫೆಲಿಸಿಯಾನೊ ಮತ್ತು ರಾಮೋನ್ ಸಾಂತೋಸ್. ಚಿತ್ರಕಥಾ ಪುಸ್ತಕಗಳ ಕಲಾವಿದ ಫ್ರಾನ್ಸಿಸ್ಕೊ ಕೋಚಿಂಗ್ ಮತ್ತು ವಾಸ್ತುಶಿಲ್ಪಿ ಹೋಸೆ ಮರಿಯಾ ಸರಗೋಸಾ ಅವರಿಗೆ ಮರಣೋತ್ತರವಾಗಿ. ಒಟ್ಟು ಆರು ಹೆಸರು. ಎಲ್ಲರೂ ಕಾದಿದ್ದ ಹೆಸರು ಮಾತ್ರ ಅಲ್ಲಿರಲಿಲ್ಲ. ನಟಿ ನೋರಾ ಔನೋರ್ ಅವರ ಹೆಸರು ಕಲಾವಿದರು ಮತ್ತು ತಜ್ಞರ ಸುತ್ತುಗಳನ್ನೆಲ್ಲ ದಾಟಿ ಶಿಫಾರಸಾಗಿ ಅರಮನೆ ತಲುಪಿತ್ತು. ಅದನ್ನು ಹೊಡೆದು ಹಾಕಿದವರು ಅಧ್ಯಕ್ಷ ಬೆನಿಗ್ನೊ ಅಕಿನೊ.

ಹೊಡೆದು ಹಾಕುವ ಅಧಿಕಾರ ಅವರಿಗಿರಲಿಲ್ಲ ಎನ್ನುವಂತಿಲ್ಲ. 1972ರಲ್ಲಿ ಆರಂಭವಾದ ಈ ಗೌರವಕ್ಕೆ ಹೆಸರು ಆರಿಸುವುದು ಸಂಸ್ಕೃತಿ ಮತ್ತು ಕಲೆಗಳ ರಾಷ್ಟ್ರೀಯ ಆಯೋಗ ಹಾಗೂ ಫಿಲಿಪ್ಪೀನ್ಸ್ ಸಾಂಸ್ಕೃತಿಕ ಕೇಂದ್ರ, ಘೋಷಿಸುವುದು ಅಧ್ಯಕ್ಷರು. 2009ರಲ್ಲಿ ಅಧ್ಯಕ್ಷೆ ಗ್ಲೋರಿಯಾ ಅರೋಯೊ, ಆಯ್ಕೆ ಸಮಿತಿ ಕಳಿಸದಿದ್ದ ನಾಲ್ಕು ಹೆಸರುಗಳನ್ನು ತಾವೇ ಸೇರಿಸಿದಾಗ ಕಲಾವಿದರು ಬೀದಿಗಿಳಿದರು, ಕೋರ್ಟಿನ ಮೆಟ್ಟಿಲು ಹತ್ತಿದರು. 2013ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಆ ನಾಲ್ಕೂ ಘೋಷಣೆಗಳನ್ನು ರದ್ದು ಮಾಡಿತು. ಬಂದ ಪಟ್ಟಿಯಲ್ಲಿ ಒಪ್ಪುವುದು ಬಿಡುವುದು ಅಧ್ಯಕ್ಷರ ವಿವೇಚನೆ, ಪಟ್ಟಿಯ ಹೊರಗಿನಿಂದ ತಂದು ತುರುಕುವುದು ಅಲ್ಲ ಎಂಬುದು ತೀರ್ಪಿನ ಸಾರ. ಹಾಗಾಗಿ ಮರುವರ್ಷ ಅಕಿನೊ ಮಾಡಿದ್ದು ಕಾನೂನಿನ ಗೆರೆಯೊಳಗೇ ಇತ್ತು. ಕಾನೂನಿನ ಗೆರೆ ದಾಟದೆಯೂ ಎಂಥ ಅನ್ಯಾಯ ಮಾಡಬಹುದು ಎಂಬುದಕ್ಕೆ ಈ ಪ್ರಕರಣ ಒಳ್ಳೆಯ ಉದಾಹರಣೆ.

ಕೆಲವೇ ದಿನಗಳಲ್ಲಿ ಅಕಿನೊ ತಮ್ಮ ಕಾರಣವನ್ನೂ ಹೇಳಿದರು. ನೋರಾ ಮಾದಕ ವಸ್ತುವಿನ ಪ್ರಕರಣದಲ್ಲಿ ಶಿಕ್ಷೆಗೊಳಗಾದವರು. ರಾಷ್ಟ್ರೀಯ ಕಲಾವಿದರೆಂದರೆ ಜನ ಅನುಸರಿಸಬೇಕಾದವರು. ಡ್ರಗ್ಸ್ ವಿಷಯದಲ್ಲಿ ದೇಶ ತಪ್ಪು ಸಂದೇಶ ಕೊಡಬಾರದು ಎಂಬುದು ಅವರ ವಾದ. ಇದರ ಮೊದಲ ಮಾತೇ ಸುಳ್ಳು. 2005ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ ಮೆಥಾಂಫೆಟಮಿನ್ ಸಿಕ್ಕಿತೆಂದು ನೋರಾ ಬಂಧಿತರಾದದ್ದು ನಿಜ. ಆದರೆ ಕೋರ್ಟ್ ಅವರನ್ನು ಜೈಲಿಗೆ ಕಳಿಸಲಿಲ್ಲ, ಪುನರ್ವಸತಿ ಕಾರ್ಯಕ್ರಮಕ್ಕೆ ಕಳಿಸಿತು. ಅವರು ಅದನ್ನು ಮುಗಿಸಿದ ಮೇಲೆ 2007ರಲ್ಲಿ ಪ್ರಕರಣವನ್ನೇ ವಜಾ ಮಾಡಿತು. ಅಮೆರಿಕದ ಕೋರ್ಟ್ ಮುಚ್ಚಿದ್ದ ಕಡತವನ್ನು ಏಳು ವರ್ಷದ ನಂತರ ಮನಿಲಾದ ಅರಮನೆ ತೆರೆಯಿತು. ಅದೂ ಸರಿಯಾಗಿ ಓದದೆ.

ಜನ ಅನುಸರಿಸಬೇಕಾದವರು ಎಂಬ ಎರಡನೆಯ ಮಾತಿನ ತೂಕ ನೋಡಬೇಕಾದರೆ ಈ ನಟಿ ಮಾಡಿದ್ದೇನು ಎಂದು ನೋಡಬೇಕು.

ನೋರಾ ಹುಟ್ಟಿದ್ದು 1953ರ ಮೇ 21ರಂದು, ಬಿಕೋಲ್ ಪ್ರಾಂತದ ಇರಿಗಾ ಎಂಬ ಊರಿನಲ್ಲಿ, ಬಡ ಕುಟುಂಬದಲ್ಲಿ. ಇರಿಗಾ ರೈಲು ನಿಲ್ದಾಣದಲ್ಲಿ ಬಂದು ನಿಂತ ಗಾಡಿಯ ಕಿಟಕಿಗಳಿಗೆ ಕುಡಿಯುವ ನೀರು ಮಾರಿದ ಹುಡುಗಿ. 1967ರಲ್ಲಿ 'ತವಾಗ್ ನಂಗ್ ತಂಘಲನ್' ಎಂಬ ಗಾಯನ ಸ್ಪರ್ಧೆ ಗೆದ್ದದ್ದೇ ಸಂಪಗೀತಾ ಎಂಬ ಸಿನಿಮಾ ಸ್ಟುಡಿಯೊದ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಆ ದೇಶದ ತೆರೆಯ ಮೇಲೆ ಮೆರೆದವರು ಹೆಚ್ಚಾಗಿ ಸ್ಪ್ಯಾನಿಷ್ ಇಲ್ಲವೇ ಅಮೆರಿಕನ್ ರಕ್ತ ಬೆರೆತ, ಬಿಳಿ ತೊಗಲಿನ, ಉದ್ದ ಮೂಗಿನ ನಟಿಯರು. ನೋರಾ ಕುಳ್ಳಗೆ, ಕಂದು ಬಣ್ಣ. ನಾಯಕಿಯ ಪಕ್ಕದಲ್ಲಿ ಕೆಲಸದವಳಾಗಿ ನಿಲ್ಲಬೇಕಾದ ಮುಖ ಎಂದು ಮೂಗು ಮುರಿಯುತ್ತಿದ್ದ ಕಾಲ. ಆದರೆ ಟಿಕೆಟ್ ಕೊಂಡು ಒಳಗೆ ಬರುತ್ತಿದ್ದವರಲ್ಲಿ ನಿಜವಾದ ಮನೆಗೆಲಸದವರು, ಕಾರ್ಖಾನೆಯ ಹೆಣ್ಣುಮಕ್ಕಳು, ಸಂತೆಯ ವ್ಯಾಪಾರಿಗಳು ಇದ್ದರು. ತೆರೆಯ ಮೇಲೆ ತಮ್ಮದೇ ಮುಖ ಕಂಡವರು ಬಿಡುತ್ತಾರೆಯೇ? ನಟ ತಿರ್ಸೊ ಕ್ರೂಜ್ ಜೊತೆಗಿನ ಆಕೆಯ ಜೋಡಿಯ ಹುಚ್ಚು ಎಷ್ಟಿತ್ತೆಂದರೆ, ತಿರ್ಸೊ ಆಕೆಗೆ ಕೊಟ್ಟ ಒಂದು ಗೊಂಬೆಯನ್ನು ಅಭಿಮಾನಿಗಳು ಆ ಜೋಡಿಯ ಮಗಳೆಂದೇ ಮುದ್ದಿಸಿದರು. ಟಿವಿಯಲ್ಲಿ 'ಸೂಪರ್‌ಸ್ಟಾರ್' ಎಂಬ ಅವರ ಹಾಡು-ಹರಟೆಯ ಕಾರ್ಯಕ್ರಮ ಎರಡು ದಶಕಗಳ ಕಾಲ ಮನೆಮನೆಯ ರೂಢಿಯಾಯಿತು. ನೋರಾನಿಯನ್ನರೆಂಬ ಅಭಿಮಾನಿ ಪಡೆಯೂ ಎದುರಾಳಿ ನಟಿ ವಿಲ್ಮಾ ಸಾಂತೋಸ್ ಅವರ ವಿಲ್ಮಾನಿಯನ್ನರೂ ಜಗಳವಾಡಿಕೊಂಡೇ ಮುದುಕರಾದರು.

ಇಷ್ಟೇ ಆಗಿದ್ದರೆ ನೋರಾ ಒಂದು ಕಾಲದ ಜನಪ್ರಿಯ ತಾರೆ, ಅಷ್ಟೆ. ಅವರು ಹಣ ಸುರಿದದ್ದು ಎಲ್ಲಿ ಎಂಬುದು ಮುಖ್ಯ. 1973ರಲ್ಲಿ ಸ್ವಂತ ನಿರ್ಮಾಣ ಸಂಸ್ಥೆ ಕಟ್ಟಿ, 23ರ ವಯಸ್ಸಿಗೇ ಮಾರಿಯೊ ಓಹಾರಾ ನಿರ್ದೇಶನದಲ್ಲಿ 'ತತ್ಲೊಂಗ್ ತಾಂಗ್ ವಲಾಂಗ್ ದಿಯೋಸ್' ತೆಗೆಸಿದರು. ದೇವರಿಲ್ಲದ ಮೂರು ವರ್ಷ ಎಂದು ಹೆಸರಿನ ಅರ್ಥ. ಜಪಾನಿ ಆಕ್ರಮಣದ ಕಾಲದ ಕಥೆ. ಹಳ್ಳಿಯ ಶಿಕ್ಷಕಿಯ ಮೇಲೆ ಜಪಾನಿ ಸೇನೆಯ ಅಧಿಕಾರಿ ಅತ್ಯಾಚಾರ ಮಾಡುತ್ತಾನೆ. ಮುಂದೆ ಅವಳು ಅವನನ್ನೇ ಮದುವೆಯಾಗುತ್ತಾಳೆ. ಯುದ್ಧ ಮುಗಿದ ಮೇಲೆ ಊರಿನವರು ಅವಳನ್ನು ದ್ರೋಹಿ ಎಂದು ಶಿಕ್ಷಿಸುತ್ತಾರೆ. ಅಂಥ ಕಥೆಗೆ ಹಾಕಿದ ದುಡ್ಡು ವಾಪಸು ಬರುತ್ತದೆಂದು ಯಾವ ನಿರ್ಮಾಪಕನೂ ನಂಬುವುದಿಲ್ಲ. ಅದೇ ವರ್ಷ, 1976ರಲ್ಲಿ, ಬಂದ 'ಮಿನ್ಸಾಯ್ ಇಸಾಂಗ್ ಗಮು-ಗಮೊ' ಅಮೆರಿಕದ ಸೇನಾ ನೆಲೆಯ ಪಕ್ಕದ ಬದುಕಿನದು. ಅಮೆರಿಕಕ್ಕೆ ಹೋಗುವ ಕನಸು ಕಾಣುವ ನರ್ಸ್ ಪಾತ್ರ ನೋರಾ ಅವರದು. ಅವಳ ತಮ್ಮನನ್ನು ಅಮೆರಿಕನ್ ಸೈನಿಕನೊಬ್ಬ ಗುಂಡಿಟ್ಟು ಕೊಲ್ಲುತ್ತಾನೆ. ಕಾಡುಹಂದಿ ಎಂದುಕೊಂಡೆ ಎಂಬುದು ಸಮಜಾಯಿಷಿ. ಅದರ ನಿರ್ದೇಶಕಿ ಲುಪಿತಾ ಅಕಿನೊ-ಕಾಶಿವಾಹಾರಾ. 2014ರಲ್ಲಿ ನೋರಾ ಹೆಸರು ಹೊಡೆದ ಅಧ್ಯಕ್ಷರಿಗೆ ಅವರು ಸ್ವಂತ ಸೋದರತ್ತೆ. ಕಲೆಯ ಮೂಲಕ ರಾಷ್ಟ್ರಭಾವ ಕಟ್ಟಿದವರಿಗೆ ಸಲ್ಲುವ ಗೌರವ ಎಂಬ ನಿಯಮದ ಮಾತಿಗೆ ಉದಾಹರಣೆ ಹುಡುಕಲು ಅಧ್ಯಕ್ಷರು ಮನೆ ಬಿಟ್ಟು ಹೊರಗೂ ಹೋಗಬೇಕಿರಲಿಲ್ಲ.

1980ರ 'ಬೋನಾ' ನೋರಾ ಅವರದೇ ನಿರ್ಮಾಣ, ನಿರ್ದೇಶನ ಲಿನೊ ಬ್ರೋಕಾ ಅವರದು. ಸಿನಿಮಾದಲ್ಲಿ ಚಿಲ್ಲರೆ ಪಾತ್ರ ಮಾಡುವ ಗಾರ್ಡೊ ಎಂಬವನ ಹಿಂದೆ ಬಿದ್ದ ಹುಡುಗಿ ಮನೆ ಬಿಟ್ಟು ಬಂದು, ಕೊಳೆಗೇರಿಯ ಅವನ ಗುಡಿಸಿಲಲ್ಲಿ ಆಳಿನಂತೆ ದುಡಿಯುತ್ತಾಳೆ. ಕ್ಯಾಮೆರಾ ಮತ್ತೆ ಮತ್ತೆ ನೋಡುವುದು ಒಂದೇ ಕೆಲಸವನ್ನು: ಬೋನಾ ನೀರು ಹೊತ್ತು ತರುವುದು, ಕಾಯಿಸುವುದು, ಅವನನ್ನು ಮೀಯಿಸುವುದು. ಅವಳನ್ನು ಹೊರಗೆ ಹಾಕಲು ಅವನು ಹೊರಟ ದಿನವೂ ಒಲೆಯ ಮೇಲೆ ನೀರಿರುತ್ತದೆ. ಅದು ಕುದಿಯುವವರೆಗೆ ಕಾದು, ಎತ್ತಿ ಅವನ ಮೈಮೇಲೆ ಸುರಿಯುತ್ತಾಳೆ. ಇರಿಗಾದ ನಿಲ್ದಾಣದಲ್ಲಿ ನೀರು ಹೊತ್ತ ತೋಳುಗಳಿಗೆ ಆ ಪಾತ್ರೆಯ ಭಾರವನ್ನು ಯಾವ ನಿರ್ದೇಶಕನೂ ಹೇಳಿಕೊಡಬೇಕಿರಲಿಲ್ಲ. ತಾರೆಯೊಬ್ಬಳು ಅಭಿಮಾನಿಯ ಕುರುಡು ಭಕ್ತಿಯ ಮೇಲೆ ಸ್ವಂತ ದುಡ್ಡಿನಲ್ಲಿ ತೆಗೆಸಿದ ಚಿತ್ರ ಇದು ಎಂಬುದನ್ನೂ ಮರೆಯಬಾರದು. 1981ರಲ್ಲಿ ಕಾನ್ ಚಿತ್ರೋತ್ಸವದ ನಿರ್ದೇಶಕರ ವಿಭಾಗದಲ್ಲಿ ಅದು ಪ್ರದರ್ಶನ ಕಂಡಿತು.

'ಬೋನಾ' ಬಂದ ಎರಡು ವರ್ಷಕ್ಕೆ 'ಹಿಮಾಲಾ'. ಹೆಸರು ಕೇಳಿ ಪರ್ವತ ನೆನಪಾಗಬೇಕಿಲ್ಲ. ತಗಾಲೋಗ್ ಭಾಷೆಯಲ್ಲಿ ಅದು ಪವಾಡ. ರಿಕಿ ಲೀ ಬರೆದು ಇಷ್ಮಾಯೆಲ್ ಬೆರ್ನಾಲ್ ನಿರ್ದೇಶಿಸಿದ ಈ ಚಿತ್ರದಲ್ಲಿ ಮಳೆಯಿಲ್ಲದ ಹಳ್ಳಿಯ ಎಲ್ಸಾ ಗ್ರಹಣದ ಹೊತ್ತಿನಲ್ಲಿ ಮೇರಿ ಮಾತೆಯ ದರ್ಶನವಾಯಿತೆನ್ನುತ್ತಾಳೆ. ರೋಗಿಗಳು, ಯಾತ್ರಿಕರು, ಅಂಗಡಿಗಳು, ವೇಶ್ಯಾಗೃಹ ಒಂದರ ಹಿಂದೊಂದು ಬರುತ್ತವೆ. ಕೊನೆಯಲ್ಲಿ ಮರಳು ದಿಬ್ಬದ ಮೇಲೆ ಸಾವಿರಾರು ಜನರೆದುರು ಬಿಳಿ ಬಟ್ಟೆಯ ಎಲ್ಸಾ ಮೈಕಿನ ಮುಂದೆ ನಿಲ್ಲುತ್ತಾಳೆ. ಪವಾಡ ಎಂಬುದಿಲ್ಲ, ದೇವರನ್ನೂ ಶಾಪವನ್ನೂ ಮಾಡಿಕೊಳ್ಳುವವರು ಮನುಷ್ಯರೇ ಎನ್ನುತ್ತಾಳೆ. ಗುಂಡು ಹಾರುತ್ತದೆ. ಆ ದೃಶ್ಯದಲ್ಲಿ ನೋರಾ ಅವರ ದನಿ ಗದ್ಗದವಾಗುವುದಿಲ್ಲ, ಕೈ ಹೆಚ್ಚು ಅಲ್ಲಾಡುವುದಿಲ್ಲ. ಮುಖದಲ್ಲಿ ಕೆಲಸ ಮಾಡುವುದು ಎರಡು ಕಣ್ಣು. 1983ರ ಬರ್ಲಿನ್ ಚಿತ್ರೋತ್ಸವದ ಸ್ಪರ್ಧೆಗೆ ಅದು ಆಯ್ಕೆಯಾಯಿತು. 2008ರಲ್ಲಿ ಸಿಎನ್‌ಎನ್ ವೀಕ್ಷಕರು ಅದನ್ನು ಏಷ್ಯಾ-ಪೆಸಿಫಿಕ್ ವಲಯದ ಸಾರ್ವಕಾಲಿಕ ಶ್ರೇಷ್ಠ ಚಿತ್ರವೆಂದು ಆರಿಸಿದರು. ಇಂಥ ಮತದಾನದಲ್ಲಿ ಅಭಿಮಾನಿಗಳ ಕೈವಾಡ ಇದ್ದೇ ಇರುತ್ತದೆ; ಅದನ್ನು ಬದಿಗಿಟ್ಟರೂ ಚಿತ್ರದ ಸ್ಥಾನ ಅಲುಗುವುದಿಲ್ಲ.

ಮುಂದಿನದನ್ನು ಬೇಗ ಹೇಳಬಹುದು. ಸಿಂಗಪುರದಲ್ಲಿ 1995ರ ಮಾರ್ಚ್‌ನಲ್ಲಿ ಗಲ್ಲಿಗೇರಿದ ಫಿಲಿಪ್ಪೀನೊ ಮನೆಗೆಲಸದಾಕೆ ಫ್ಲೋರ್ ಕಾಂಟೆಂಪ್ಲಾಸಿಯೊನ್ ಪಾತ್ರಕ್ಕೆ ಅದೇ ವರ್ಷ ಕೈರೋ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ. ಆಮೇಲೆ ಅಮೆರಿಕದ ವಾಸ, ಬಂಧನ, ಸೌಂದರ್ಯ ಚಿಕಿತ್ಸೆಯೊಂದರ ಎಡವಟ್ಟಿನಿಂದ ಹಾಡುವ ಕಂಠ ಹೋದದ್ದು. 2011ರಲ್ಲಿ ತಾಯ್ನಾಡಿಗೆ ವಾಪಸು. ಮರುವರ್ಷ ಬ್ರಿಲಾಂತೆ ಮೆಂಡೋಜಾ ಅವರ 'ದೈ ವೂಂಬ್' ವೆನಿಸ್ ಸ್ಪರ್ಧೆಯಲ್ಲಿತ್ತು. ಅದರ ಶಾಲೇಹಾ ಊರಿನ ಹೆರಿಗೆಗಳನ್ನೆಲ್ಲ ಮಾಡಿಸುವ, ತನಗೆ ಮಕ್ಕಳಿಲ್ಲದ ಸೂಲಗಿತ್ತಿ. ಗಂಡನಿಗೆ ತಾನೇ ಎರಡನೆಯ ಹೆಣ್ಣು ಹುಡುಕಿ, ಅವಳ ಹೆರಿಗೆಯನ್ನೂ ತಾನೇ ಮಾಡಿಸುತ್ತಾಳೆ. 2013ರಲ್ಲಿ ಏಷ್ಯನ್ ಫಿಲ್ಮ್ ಅವಾರ್ಡ್ಸ್ ಅವರನ್ನು ಶ್ರೇಷ್ಠ ನಟಿ ಎಂದಿತು. ಅದಾಗಿ ಒಂದು ವರ್ಷ ಚಿಲ್ಲರೆಯಲ್ಲಿ ಸ್ವದೇಶದ ಅಧ್ಯಕ್ಷರು ಅಯೋಗ್ಯರೆಂದರು.

ಅಕಿನೊ ಪರ ವಾದಿಸುವವರ ಬಳಿ ಹುರುಳಿಲ್ಲ ಎಂದಲ್ಲ. ರಾಷ್ಟ್ರೀಯ ಕಲಾವಿದರಿಗೆ ಸರ್ಕಾರದ ಬೊಕ್ಕಸದಿಂದ ಮಾಸಾಶನವಿದೆ, ಸತ್ತಾಗ ಸರ್ಕಾರಿ ಗೌರವವಿದೆ. ಕೊಡುವ ಸರ್ಕಾರ ವ್ಯಕ್ತಿಯನ್ನೂ ನೋಡಬೇಡವೇ ಎಂದು ಅವರು ಕೇಳುತ್ತಾರೆ. ಆದರೆ ಪ್ರಶಸ್ತಿಯ ಮಾನದಂಡಗಳು ಮಾತನಾಡುವುದು ಕೃತಿಗಳ ಬಗ್ಗೆ, ರೂಪ ಮತ್ತು ವಸ್ತುವಿನ ಹೊಸತನದ ಬಗ್ಗೆ, ಮುಂದಿನ ಪೀಳಿಗೆಯ ಮೇಲಿನ ಪ್ರಭಾವದ ಬಗ್ಗೆ. ನಡತೆಯ ಸರ್ಟಿಫಿಕೇಟ್ ತನ್ನಿ ಎಂದು ಅವು ಕೇಳುವುದಿಲ್ಲ. ಇಲ್ಲದ ಷರತ್ತನ್ನು ಒಬ್ಬ ಅಭ್ಯರ್ಥಿಗೆ ಮಾತ್ರ ಅನ್ವಯಿಸುವುದು ವಿವೇಚನೆಯಲ್ಲ, ಕೊಕ್ಕೆ. ವ್ಯಸನದಿಂದ ಹೊರಬಂದು, ಕಂಠ ಕಳೆದುಕೊಂಡೂ ಕಣ್ಣಿನಲ್ಲೇ ನಟಿಸಿ ಗೆದ್ದವರಿಗಿಂತ ಒಳ್ಳೆಯ ಸಂದೇಶ ಯಾವುದು ಎಂಬುದನ್ನು ಸಂದೇಶದ ಮಾತೆತ್ತಿದವರೇ ಹೇಳಬೇಕು.

ಇನ್ನೊಂದು ಗುಸುಗುಸು ರಾಜಕೀಯದ್ದು. 1986ರ ಚುನಾವಣೆಯಲ್ಲಿ ನೋರಾ ಫರ್ಡಿನಾಂಡ್ ಮಾರ್ಕೊಸ್ ಪರ ಪ್ರಚಾರ ಮಾಡಿದ್ದರು. ಎದುರಾಳಿ ಅಕಿನೊ ಅವರ ತಾಯಿ ಕೊರಜೋನ್. 'ಹಿಮಾಲಾ'ದ ಹಣವೂ ಮಾರ್ಕೊಸ್ ಆಡಳಿತ ಕಟ್ಟಿದ ಸಂಸ್ಥೆಯದು. ಹಳೆಯ ಹಗೆಯೇ ನಿಜವಾದ ಕಾರಣ ಎಂದವರುಂಟು. ಆದರೆ ಅದಕ್ಕೆ ಪುರಾವೆಯಿಲ್ಲ, ಆ ಊಹೆಯ ಅಗತ್ಯವೂ ಇಲ್ಲ. ಅಕಿನೊ ಬಾಯಿಬಿಟ್ಟು ಹೇಳಿದ ಕಾರಣವೇ ಅವರ ನಿರ್ಧಾರವನ್ನು ಬೀಳಿಸಲು ಸಾಕು.

2018ರಲ್ಲಿ ಅಧ್ಯಕ್ಷ ರೊಡ್ರಿಗೊ ದುತೆರ್ತೆ ಏಳು ಮಂದಿಯನ್ನು ರಾಷ್ಟ್ರೀಯ ಕಲಾವಿದರೆಂದು ಘೋಷಿಸಿದರು. ಸಿನಿಮಾದಿಂದ ಕಿದ್ಲಾತ್ ತಹಿಮಿಕ್ ಇದ್ದರು, ನೋರಾ ಇರಲಿಲ್ಲ. ಅದೇ ವರ್ಷ ಅವರು 'ಓನನಾಯ್' ಟಿವಿ ಧಾರಾವಾಹಿಯಲ್ಲಿ ಕುಬ್ಜ ಮಗಳ ತಾಯಿಯಾಗಿ ದಿನದಿನ ಮನೆಗಳಿಗೆ ಬರುತ್ತಿದ್ದರು. ಕೊನೆಗೆ 2022ರ ಜೂನ್ 10ರಂದು, ಅಧಿಕಾರ ಬಿಡಲು ಇಪ್ಪತ್ತು ದಿನ ಇರುವಾಗ, ದುತೆರ್ತೆ ನೋರಾ ಅವರ ಹೆಸರಿಗೆ ಸಹಿ ಹಾಕಿದರು. ಜೊತೆಯಲ್ಲಿ 'ಹಿಮಾಲಾ' ಬರೆದ ರಿಕಿ ಲೀ ಅವರೂ ಇದ್ದರು. ಡ್ರಗ್ಸ್ ವಿರುದ್ಧದ ಸಮರದ ಹೆಸರಿನಲ್ಲಿ ಸರ್ಕಾರದ ಲೆಕ್ಕದಲ್ಲೇ ಆರು ಸಾವಿರಕ್ಕೂ ಹೆಚ್ಚು ಜನ ಪೊಲೀಸ್ ಕಾರ್ಯಾಚರಣೆಗಳಲ್ಲಿ ಸತ್ತದ್ದು ಇದೇ ದುತೆರ್ತೆ ಆಳ್ವಿಕೆಯಲ್ಲಿ. ಅಂಥವರಿಗೂ 2005ರ ಆ ಬಂಧನ ಸಹಿಗೆ ಅಡ್ಡಿಯಾಗಲಿಲ್ಲ. ಹಾಗಾದರೆ 2014ರಲ್ಲಿ ದೇಶವನ್ನು ಯಾವ ಕೆಟ್ಟ ಸಂದೇಶದಿಂದ ಕಾಪಾಡಲಾಯಿತು ಎಂಬ ಪ್ರಶ್ನೆಗೆ ಉತ್ತರ ಬಂದಿಲ್ಲ.

ನೋರಾ ಔನೋರ್ 2025ರ ಏಪ್ರಿಲ್ 16ರಂದು, 71ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆರು ದಿನದ ನಂತರ ಸರ್ಕಾರಿ ಗೌರವದೊಂದಿಗೆ ಮೆಟ್ರೊ ಮನಿಲಾದ ವೀರರ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಲಾಯಿತು. ಸುಮಾರು ಆರು ದಶಕಗಳ ವೃತ್ತಿಜೀವನದಲ್ಲಿ ರಾಷ್ಟ್ರೀಯ ಕಲಾವಿದೆ ಎಂಬ ಬಿರುದು ಅವರ ಹೆಸರಿನ ಜೊತೆಗಿದ್ದದ್ದು ಎರಡು ವರ್ಷ ಹತ್ತು ತಿಂಗಳು.