ಬೆಕ್‌ಮನ್‌ನ ಮೇಣದಬತ್ತಿಗಳು

1937ರ ಜುಲೈ 18ರಂದು ಮ್ಯೂನಿಕ್‌ನಲ್ಲಿ ಹಿಟ್ಲರ್ ಆಧುನಿಕ ಕಲೆಯ ಮೇಲೆ ಹರಿಹಾಯ್ದ ಭಾಷಣ ರೇಡಿಯೊದಲ್ಲಿ ಕೇಳಿಬಂತು. ಮರುದಿನ ಅದೇ ಊರಿನಲ್ಲಿ ಅಂಥ ಕಲೆಯನ್ನು ಹೀಗಳೆಯಲು ನಾಜಿಗಳು ಏರ್ಪಡಿಸಿದ ‘ಅಧಃಪತಿತ ಕಲೆ’ ಪ್ರದರ್ಶನ ತೆರೆದುಕೊಂಡಾಗ ಜರ್ಮನ್ ಚಿತ್ರಕಾರ ಮ್ಯಾಕ್ಸ್ ಬೆಕ್‌ಮನ್ ಹೆಂಡತಿ ಕ್ವಾಪಿಯ ಜೊತೆ ಆಮ್‌ಸ್ಟರ್‌ಡಾಮ್‌ನ ಹಾದಿ ಹಿಡಿದಾಗಿತ್ತು. ಜರ್ಮನಿಯ ಮ್ಯೂಸಿಯಂಗಳಿಂದ ಅವನ ಐನೂರಕ್ಕೂ ಹೆಚ್ಚು ಕೃತಿಗಳನ್ನು ಎತ್ತಿ ಹೊರಗೆ ಹಾಕಲಾಯಿತು. ಅವನು ಮತ್ತೆಂದೂ ತಾಯ್ನಾಡಿಗೆ ಕಾಲಿಡಲಿಲ್ಲ.

ಆಮ್‌ಸ್ಟರ್‌ಡಾಮ್‌ನ ರೊಕಿನ್ ಬೀದಿಯಲ್ಲಿ, ಹಿಂದೆ ತಂಬಾಕು ಇಡುತ್ತಿದ್ದ ಜಾಗವೇ ಅವನ ಚಿತ್ರಶಾಲೆ. ಅಲ್ಲಿ ಅವನು ಕಳೆದ ಹತ್ತು ವರ್ಷಗಳಲ್ಲಿ ಐದು ತ್ರಿಫಲಕಗಳು ಹುಟ್ಟಿದವು. ನಡುವೆ ದೊಡ್ಡದೊಂದು ಫಲಕ, ಎಡಬಲಕ್ಕೆ ಕಿರಿದಾದ ಎರಡು: ಮಧ್ಯಯುಗದ ಚರ್ಚುಗಳಲ್ಲಿ ಬಲಿಪೀಠದ ಮೇಲೆ ನಿಲ್ಲುತ್ತಿದ್ದ ಈ ವಿನ್ಯಾಸವನ್ನು ಬೆಕ್‌ಮನ್ ಕ್ರಿಸ್ತನಿಲ್ಲದೆ ಬಳಸಿದ.

ಆ ಐದರಲ್ಲಿ ಕೊನೆಯದು ‘ಕಣ್ಣಾಮುಚ್ಚಾಲೆ’. ನಡುವಿನ ಫಲಕದಲ್ಲಿ ಹಾರ್ಪ್ ಮೀಟುವವರು, ನಗಾರಿ ಬಡಿಯುವವರು. ಬೆಕ್‌ಮನ್ ಇವರನ್ನು ದೇವತೆಗಳೆಂದು ಕರೆದ. ಪ್ರಾಣಿಯ ತಲೆ ಹೊತ್ತ ಒಬ್ಬನಂತೂ ಅವನ ಪಾಲಿಗೆ ಗ್ರೀಕ್ ಪುರಾಣದ ಮಿನೊಟಾರ್. ಬದಿಯ ಫಲಕಗಳಲ್ಲಿ ಕಿಕ್ಕಿರಿದ ಜನ. ಆ ಗದ್ದಲದಲ್ಲಿ ಒಂದು ಕಡೆ ಮಂಡಿಯೂರಿದ ಹೆಂಗಸು, ಇನ್ನೊಂದು ಕಡೆ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡ ಗಂಡಸು. ಹಳೆಯ ಬಲಿಪೀಠದ ಚಿತ್ರಗಳಲ್ಲಿ ಖರ್ಚು ಕೊಟ್ಟ ದಾನಿಗಳು ಕೂರುತ್ತಿದ್ದ ಜಾಗ ಅದು. ಇಲ್ಲಿ ಕೂತಿರುವವರು ಯಾರಿಗೆ ಏನು ಕೊಟ್ಟರೋ!

ಚಿತ್ರದ ಮೇಣದಬತ್ತಿಗಳನ್ನು ಕಂಡೊಡನೆ ‘ಆತ್ಮದ ಬೆಳಕು’ ಎಂದು ಬರೆದು ಮುಗಿಸುವ ವಿಮರ್ಶಕರಿದ್ದಾರೆ. ಆದರೆ ಬೆಕ್‌ಮನ್ ಈ ಚಿತ್ರ ಶುರುಮಾಡಿದ್ದು 1944ರ ಸೆಪ್ಟೆಂಬರಿನಲ್ಲಿ, ಮುಗಿಸಿದ್ದು 1945ರ ಅಕ್ಟೋಬರಿನಲ್ಲಿ. ನಡುವೆ ಬಂದದ್ದು ಹಾಲೆಂಡಿನವರು ಇಂದಿಗೂ ‘ಹಸಿವಿನ ಚಳಿಗಾಲ’ ಎನ್ನುವ ದಿನಗಳು. ಆಮ್‌ಸ್ಟರ್‌ಡಾಮ್‌ನಲ್ಲಿ ಕರೆಂಟಿಲ್ಲ, ಕಲ್ಲಿದ್ದಲಿಲ್ಲ. ಜನ ಟ್ಯುಲಿಪ್ ಗೆಡ್ಡೆ ಬೇಯಿಸಿ ತಿಂದರು. ಆ ಊರಿನಲ್ಲಿ ಮೇಣದಬತ್ತಿ ಮೊದಲು ಮನೆಯ ಸಾಮಾನು, ಆಮೇಲೆ ಸಂಕೇತ. ಬೆಕ್‌ಮನ್‌ನ ಬಲ ಇರುವುದೇ ಇಲ್ಲಿ: ಅವನ ಚಿತ್ರದ ವಸ್ತುಗಳು ಪುರಾಣಕ್ಕೆ ಏರಿದ ಮೇಲೂ ತಮ್ಮ ಮೇಣ, ಮಸಿ ಬಿಡುವುದಿಲ್ಲ.

ಅರ್ಥ ಕೇಳಿದವರ ಮೇಲೆ ಅವನಿಗೆ ಸಿಟ್ಟು ಬರುತ್ತಿತ್ತು. ವಲಸೆಗೆ ಮುಂಚೆ ಬರೆದ ಮೊದಲ ತ್ರಿಫಲಕ ‘ನಿರ್ಗಮನ’ದ ಬಗ್ಗೆ ವಿವರಣೆ ಬೇಕೆಂದಾಗ, ನೋಡುವವರಿಗೆ ಒಳಗಿನಿಂದಲೇ ಹೊಳೆಯದಿದ್ದರೆ ಚಿತ್ರವನ್ನು ತೆಗೆದಿಡಿ, ಇಲ್ಲವೇ ವಾಪಸು ಕಳಿಸಿ ಎಂಬರ್ಥದ ಪತ್ರವನ್ನು 1938ರಲ್ಲಿ ನ್ಯೂಯಾರ್ಕಿನ ಕಲಾವ್ಯಾಪಾರಿ ಕರ್ಟ್ ವ್ಯಾಲೆಂಟಿನ್‌ಗೆ ಬರೆದ. ತಮಾಷೆಯೆಂದರೆ, ನಾಜಿಗಳ ಕಣ್ಣು ತಪ್ಪಿಸಲು ಇದೇ ಚಿತ್ರದ ಹಿಂಬದಿಗೆ ಷೇಕ್ಸ್‌ಪಿಯರನ ‘ಟೆಂಪೆಸ್ಟ್’ ನಾಟಕದ ದೃಶ್ಯಗಳೆಂದು ಚೀಟಿ ಅಂಟಿಸಿದವನೂ ಅವನೇ.

‘ಕಣ್ಣಾಮುಚ್ಚಾಲೆ’ ಈಗ ಅಮೆರಿಕದ ಮಿನಿಯಾಪೊಲಿಸ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಹಿಂಸಕರು ಯಾರು, ಬಲಿಪಶು ಯಾರು ಎಂದು ಗೆರೆ ಎಳೆಯಲು ಹೋದವರು ಸೋಲುತ್ತಾರೆ. ಚಿತ್ರಕಾರನ ಬದುಕಿನಲ್ಲೂ ಆ ಗೆರೆ ನೆಟ್ಟಗಿರಲಿಲ್ಲ. ಆಕ್ರಮಿತ ಹಾಲೆಂಡಿನಲ್ಲಿ ಅವನ ಚಿತ್ರ ಕೊಂಡು ನೆರವಾದವರಲ್ಲಿ ಎರ್‌ಹಾರ್ಡ್ ಗ್ಯೋಪೆಲ್ ಒಬ್ಬ. ಲಿಂಝ್‌ನಲ್ಲಿ ಹಿಟ್ಲರ್ ಕಟ್ಟಬೇಕೆಂದಿದ್ದ ಮ್ಯೂಸಿಯಂಗೆ ಕಲಾಕೃತಿ ಕಲೆಹಾಕುತ್ತಿದ್ದ ಅಧಿಕಾರಿ. ಬೆಕ್‌ಮನ್ ತೈಲಚಿತ್ರಗಳ ಸಮಗ್ರ ಪಟ್ಟಿ 1976ರಲ್ಲಿ ಅಚ್ಚಾದಾಗ ಅದರ ಮೇಲೆ ಇದ್ದದ್ದು ಇದೇ ಗ್ಯೋಪೆಲ್ ಮತ್ತು ಅವನ ಹೆಂಡತಿಯ ಹೆಸರು.