ರಾತ್ರಿಯಿಡೀ ಸುಳ್ಳು ಬೆಳಗು

ಅಭಿವೃದ್ಧಿ ಎಂಬ ಪದಕ್ಕೆ ನಮ್ಮ ರಾಜಕಾರಣ ಕಂಡುಕೊಂಡಿರುವ ಅತ್ಯಂತ ಸುಲಭದ ಅರ್ಥ ದೀಪದ ಕಂಬ. ಚುನಾವಣೆ ಹತ್ತಿರ ಬಂದಂತೆ ವೃತ್ತಗಳಲ್ಲಿ ಹೈಮಾಸ್ಟ್ ದೀಪಗಳು ಏಳುತ್ತವೆ. ಕಂಬದ ಬುಡದಲ್ಲಿ ಜನಪ್ರತಿನಿಧಿಯ ಹೆಸರು ಹೊತ್ತ ಫಲಕವಿರುತ್ತದೆ. ಬೆಂಗಳೂರಿನ ಪಶ್ಚಿಮ ಭಾಗವನ್ನೇ ನೋಡಿ. ರಾಜಾಜಿನಗರದ ಕಾರ್ಡ್ ರಸ್ತೆಯಿಂದ ಮಾಗಡಿ ರಸ್ತೆಗೆ, ಅಲ್ಲಿಂದ ವಿಜಯನಗರ ದಾಟಿ ಮೈಸೂರು ರಸ್ತೆ ಹಿಡಿದು ಕೆಂಗೇರಿಯವರೆಗೆ ರಾತ್ರಿ ಹೊತ್ತು ಸಾಗಿದರೆ ಬೆಳಕಿಗೆ ಬರವಿಲ್ಲ. ಮಾಲುಗಳು, ಆಭರಣದ ಮಳಿಗೆಗಳು, ಕಲ್ಯಾಣ ಮಂಟಪಗಳು, ಕಣ್ಣಿಗೆ ಹೊಡೆಯುವ ಜಾಹೀರಾತು ಪರದೆಗಳು. ಆದರೆ ಇದೇ ಭಾಗದ ಒಳ ಅಡ್ಡರಸ್ತೆಗಳಲ್ಲಿ, ಸಂಜೆಯ ಪಾಳಿ ಮುಗಿಸಿ ಗಾರ್ಮೆಂಟ್ಸ್‌ನಿಂದ ಮನೆಗೆ ಮರಳುವ ಹೆಣ್ಣುಮಗಳು ಮೊಬೈಲ್ ಟಾರ್ಚ್ ಹಿಡಿದು ಗುಂಡಿ ತಪ್ಪಿಸುತ್ತ ನಡೆಯಬೇಕು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ನಮ್ಮ ನಗರ ಅಕ್ಷರಶಃ ಪಾಲಿಸುತ್ತಿದೆ. ಇಷ್ಟೊಂದು ಬೆಳಕು ಹಾಗಾದರೆ ಎಲ್ಲಿಗೆ ಹೋಗುತ್ತಿದೆ?

ಬಹುಪಾಲು ಆಕಾಶಕ್ಕೆ, ಅಕ್ಕಪಕ್ಕದ ಮನೆಗಳ ಮಲಗುವ ಕೋಣೆಗೆ, ಮರಗಳ ತಲೆಯ ಮೇಲೆ ಮತ್ತು ವಾಹನ ಸವಾರರ ಕಣ್ಣಿಗೆ. ಇದನ್ನೇ ಬೆಳಕಿನ ಮಾಲಿನ್ಯ ಎನ್ನುತ್ತಾರೆ. ಹೆಸರು ಕೇಳಿದ ಕೂಡಲೇ ಹಲವರು ನಗುತ್ತಾರೆ. ಹೊಗೆ ಮಾಲಿನ್ಯ ಸರಿ, ಚರಂಡಿಯಾದ ವೃಷಭಾವತಿ ಮಾಲಿನ್ಯ ಸರಿ, ಬೆಳಕು ಹೇಗೆ ಮಾಲಿನ್ಯವಾದೀತು ಎಂಬುದು ಅವರ ಪ್ರಶ್ನೆ. ನೀರು ಒಳ್ಳೆಯದೇ, ಆದರೆ ಅದು ನೆರೆಯವನ ಗೋಡೆಯೊಳಗೆ ಇಳಿದರೆ ಜಗಳವಾಗುತ್ತದೆ. ಬೆಳಕಿನ ಮಾತೂ ಅಷ್ಟೇ. ಬೇಡದ ಕಡೆ, ಬೇಡದ ಹೊತ್ತಿನಲ್ಲಿ, ಬೇಕಾದುದಕ್ಕಿಂತ ಹೆಚ್ಚು ಸುರಿದರೆ ಅದೂ ಕಸವೇ.

ನಾವು ಬೆಳಕಿನ ವಿರೋಧಿಗಳಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ಮೊದಲ ವಿದ್ಯುತ್ ದೀಪ ಉರಿಯಿತು. ಅದಾಗಿ ಎಷ್ಟೋ ದಶಕಗಳ ನಂತರವೂ ಈ ರಾಜ್ಯದ ಬಡವರು ಒಂದೇ ಒಂದು ಬಲ್ಬಿಗಾಗಿ ಭಾಗ್ಯಜ್ಯೋತಿ ಯೋಜನೆಯ ಅರ್ಜಿ ಹಿಡಿದು ಕಚೇರಿಗಳ ಬಾಗಿಲಲ್ಲಿ ನಿಂತಿದ್ದಾರೆ. ಚಿಮಣಿ ದೀಪದಲ್ಲಿ ಓದಿದ ತಲೆಮಾರಿಗೆ ಬೆಳಕಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಬೆಲೆ ಗೊತ್ತಿರುವುದರಿಂದಲೇ ಅದನ್ನು ಹೀಗೆ ಚೆಲ್ಲುವುದನ್ನು ನಾವು ಪ್ರಶ್ನಿಸುತ್ತೇವೆ. ಬೀದಿದೀಪದ ವಿದ್ಯುತ್ ಬಿಲ್ಲನ್ನು ಪಾಲಿಕೆ ಬೆಸ್ಕಾಂಗೆ ಕಟ್ಟುತ್ತದೆ, ಪಾಲಿಕೆಯ ಬೊಕ್ಕಸವನ್ನು ನಮ್ಮ ತೆರಿಗೆ ತುಂಬುತ್ತದೆ. ಮೋಡಗಳಿಗೆ ಬೆಳಕು ತೋರಿಸಲು ನಾವು ಹಣ ಕೊಡಬೇಕೇ?

ಎಲ್‌ಇಡಿ ಬಂದರೆ ಎಲ್ಲವೂ ಸರಿಹೋಗುತ್ತದೆ ಎಂದು ಹೇಳಲಾಯಿತು. 2015ರಲ್ಲಿ ಕೇಂದ್ರ ಸರಕಾರ ಬೀದಿದೀಪಗಳನ್ನು ಎಲ್‌ಇಡಿಗೆ ಬದಲಿಸುವ ರಾಷ್ಟ್ರೀಯ ಕಾರ್ಯಕ್ರಮವನ್ನೇ ಆರಂಭಿಸಿತು. ವಿದ್ಯುತ್ ಉಳಿತಾಯವಾಗುತ್ತದೆ ಎಂಬುದು ನಿಜ. ಆದರೆ ಅಗ್ಗವಾದದ್ದನ್ನು ಮನುಷ್ಯ ಹೆಚ್ಚು ಬಳಸುತ್ತಾನೆ. ಒಂದು ದೀಪವಿದ್ದಲ್ಲಿ ನಾಲ್ಕು ಬಂದವು. 2012ರಿಂದ 2016ರ ನಡುವೆ ಭೂಮಿಯ ಮೇಲೆ ಕೃತಕ ಬೆಳಕು ಬಿದ್ದ ಪ್ರದೇಶ ವರ್ಷಕ್ಕೆ ಸುಮಾರು ಶೇ. 2ರಂತೆ ಹೆಚ್ಚುತ್ತ ಹೋಯಿತೆಂದು ಉಪಗ್ರಹ ಚಿತ್ರಗಳು ತೋರಿಸಿವೆ. ಬಣ್ಣವೂ ಬದಲಾಯಿತು. ಹಳೆಯ ಸೋಡಿಯಂ ದೀಪದ ಹಳದಿ ಬೆಳಕು ಸುಮಾರು 2,000 ಕೆಲ್ವಿನ್‌ನದ್ದು. ಈಗ ನಮ್ಮ ಬೀದಿಗಳಲ್ಲಿ ಸಾಮಾನ್ಯವಾಗಿರುವ ಬಿಳಿ ಎಲ್‌ಇಡಿ 5,000 ಕೆಲ್ವಿನ್‌ಗೂ ಮೇಲಿನದು. ಕೆಲ್ವಿನ್ ಅಂಕಿ ಹೆಚ್ಚಿದಷ್ಟೂ ಬೆಳಕಿನಲ್ಲಿ ನೀಲಿಯ ಪಾಲು ಹೆಚ್ಚು. ನೀಲಿ ಬೆಳಕು ಗಾಳಿಯಲ್ಲಿ ಹೆಚ್ಚು ಚದುರಿ ಇಡೀ ಆಕಾಶವನ್ನು ಬೆಳಗುತ್ತದೆ. ಅಷ್ಟೇ ಅಲ್ಲ, ಕತ್ತಲಾದಾಗ ನಮ್ಮ ದೇಹದಲ್ಲಿ ಸ್ರವಿಸುವ, ನಿದ್ರೆಗೆ ಸಂಬಂಧಿಸಿದ ಮೆಲಟೋನಿನ್ ಎಂಬ ಹಾರ್ಮೋನನ್ನು ತಗ್ಗಿಸುತ್ತದೆ. ಅಮೆರಿಕದ ವೈದ್ಯರ ಸಂಘ 2016ರಲ್ಲೇ ಬೀದಿದೀಪಗಳು 3,000 ಕೆಲ್ವಿನ್ ಮೀರದಿರಲಿ ಎಂದು ಸಲಹೆ ಕೊಟ್ಟಿತ್ತು. ಕಿಟಕಿಯ ಎದುರಿಗೇ ಕಂಬವಿರುವ ಮನೆಯವರು ಈ ಅಂಕಿಯನ್ನು ನೆನಪಿಡುವುದು ಒಳ್ಳೆಯದು.

ಮನುಷ್ಯರಿಗಾದರೋ ಪರದೆ ಎಳೆದುಕೊಳ್ಳುವ ಉಪಾಯವಿದೆ. ರಾತ್ರಿಯೇ ಹಗಲಾಗಿರುವ ಜೀವಿಗಳ ಗತಿ ಏನು? ಮಿಂಚುಹುಳಗಳು ಪರಸ್ಪರ ಗುರುತಿಸುವುದು ತಮ್ಮ ಮಿಣುಕು ಬೆಳಕಿನಿಂದ. ಸುತ್ತ ಬೆಳಕು ತುಂಬಿದರೆ ಆ ಸಂಕೇತ ಕಳೆದುಹೋಗುತ್ತದೆ. ಪತಂಗಗಳು ದೀಪ ಸುತ್ತಿ ಸುತ್ತಿ ಸಾಯುತ್ತವೆ. ಬೆಂಗಳೂರಿನಂಥ ಮಹಾನಗರದಲ್ಲೂ ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳಲ್ಲಿ ಕಾಡುಪಾಪ ಎಂಬ ನಿಶಾಚರಿ ಪ್ರಾಣಿ ಉಳಿದುಕೊಂಡಿದೆ. ಪಶ್ಚಿಮದಲ್ಲಿ ನಮಗೆ ಉಳಿದಿರುವ ದೊಡ್ಡ ಹಸಿರು ಎಂದರೆ ಕೆಂಗೇರಿಯ ದಾರಿಯಲ್ಲಿರುವ ಜ್ಞಾನಭಾರತಿ ಆವರಣ. ಅಂಥ ಕಡೆಯಾದರೂ ರಾತ್ರಿಯನ್ನು ರಾತ್ರಿಯಾಗಿ ಬಿಡಬೇಕೆಂಬ ಪರಿಜ್ಞಾನ ಬೇಡವೇ?

ಇನ್ನು ಆಕಾಶದ ವಿಷಯ. 2016ರಲ್ಲಿ ಪ್ರಕಟವಾದ ಜಾಗತಿಕ ನಕಾಶೆಯೊಂದರ ಪ್ರಕಾರ ಜಗತ್ತಿನ ಶೇ. 80ಕ್ಕೂ ಹೆಚ್ಚು ಜನ ಬೆಳಕಿನಿಂದ ಮಲಿನಗೊಂಡ ಆಕಾಶದ ಕೆಳಗೆ ಬದುಕುತ್ತಿದ್ದಾರೆ. ಮೂವರಲ್ಲಿ ಒಬ್ಬರಿಗೆ ಆಕಾಶಗಂಗೆಯೇ ಕಾಣುವುದಿಲ್ಲ. 2011ರಿಂದ 2022ರವರೆಗೆ ಸ್ವಯಂಸೇವಕರು ಬರಿಗಣ್ಣಿನಿಂದ ಮಾಡಿದ ವೀಕ್ಷಣೆಗಳನ್ನು ಒಟ್ಟುಗೂಡಿಸಿದಾಗ ಆಕಾಶದ ಹೊಳಪು ವರ್ಷಕ್ಕೆ ಸುಮಾರು ಶೇ. 10ರಂತೆ ಏರುತ್ತಿರುವುದು ಕಂಡುಬಂತು. ಈ ವೇಗದಲ್ಲಿ, 250 ನಕ್ಷತ್ರ ಕಾಣುವ ಊರಿನಲ್ಲಿ ಇಂದು ಹುಟ್ಟಿದ ಮಗುವಿಗೆ 18 ತುಂಬುವಾಗ ಅಲ್ಲಿ ಕಾಣುವುದು ಸುಮಾರು 100 ಮಾತ್ರ. ನಮ್ಮ ಊರಿನ ವಿಪರ್ಯಾಸ ಇನ್ನೂ ದೊಡ್ಡದು. ಭಾರತೀಯ ಖಭೌತ ಸಂಸ್ಥೆ ಇರುವುದು ಬೆಂಗಳೂರಿನಲ್ಲಿ. ಅದರ ವಿಜ್ಞಾನಿಗಳು ನಕ್ಷತ್ರ ನೋಡಬೇಕಾದರೆ ತಮಿಳುನಾಡಿನ ಕಾವಲೂರಿನ ಬೆಟ್ಟಕ್ಕೋ, ಲಡಾಖಿನಲ್ಲಿ 4,500 ಮೀಟರ್ ಎತ್ತರದ ಹಾನ್ಲೆಗೋ ಕಣ್ಣು ಹಾಯಿಸಬೇಕು. ಹಾನ್ಲೆಯ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ.

ಇದು ವಿಜ್ಞಾನಿಗಳ ತಲೆನೋವು, ನಮಗೇನು ಎನ್ನುವವರಿಗೆ ಒಂದು ಮಾತು. ಈ ನಾಡಿನ ರೈತ ಮಳೆಯನ್ನು ಕರೆದದ್ದು ನಕ್ಷತ್ರದ ಹೆಸರಿನಿಂದ. ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ ಎಂದು ಅವನ ವರ್ಷದ ಲೆಕ್ಕ ಸಾಗುತ್ತಿತ್ತು. ಅದೇ ಆಕಾಶಕ್ಕೆ ಅರಬರೂ ಹೆಸರಿಟ್ಟರು. ಕೃತ್ತಿಕೆಯನ್ನು ಅವರು ಸುರಯ್ಯಾ ಎಂದರು. ಸುರಯ್ಯಾಳ ಹಿಂದೆಯೇ ಸಾಗಿಬರುವ ಕೆಂಪು ನಕ್ಷತ್ರವನ್ನು, ನಮ್ಮ ರೋಹಿಣಿಯನ್ನು, ಹಿಂಬಾಲಿಸುವವನು ಎಂಬ ಅರ್ಥದಲ್ಲಿ ದಬರಾನ್ ಎಂದರು. ಇಂಗ್ಲಿಷಿನ ಆಲ್ಡೆಬರಾನ್ ಬಂದದ್ದು ಅದರಿಂದಲೇ. ಸುಮಾರು ಕ್ರಿ.ಶ. 964ರಲ್ಲಿ ಅಬ್ದುರ್ರಹ್ಮಾನ್ ಅಲ್ ಸೂಫಿ ಎಂಬ ವಿದ್ವಾಂಸ ದೂರದರ್ಶಕವಿಲ್ಲದೆಯೇ ಆಂಡ್ರೊಮಿಡಾ ಗೆಲಾಕ್ಸಿಯನ್ನು ಒಂದು ಪುಟ್ಟ ಮೋಡದಂತೆ ಕಂಡು ದಾಖಲಿಸಿದ. ನಮ್ಮ ಬೀದಿಗಳಲ್ಲಿ ರೋಹಿಣಿ ಮತ್ತು ಸುರಯ್ಯಾ ಎಂಬ ಹೆಸರಿನ ಹುಡುಗಿಯರು ಇಂದಿಗೂ ಒಂದೇ ಶಾಲೆಗೆ ಹೋಗುತ್ತಿರಬಹುದು. ತಮ್ಮ ಹೆಸರಿನ ನಕ್ಷತ್ರಗಳು ಆಕಾಶದಲ್ಲೂ ನೆರೆಹೊರೆಯವು ಎಂಬುದನ್ನು ಅವರು ಕಣ್ಣಾರೆ ನೋಡಿದ್ದಾರೆಯೇ? ಜನರನ್ನು ಬೇರೆ ಬೇರೆ ಮಾಡುವ ಗೋಡೆಗಳು ಏಳುತ್ತಿರುವ ಕಾಲದಲ್ಲಿ, ಹಂಚಿಕೊಳ್ಳಲು ಉಳಿದಿದ್ದ ಒಂದು ಛಾವಣಿಯನ್ನೂ ಜಾಹೀರಾತಿನವರಿಗೆ ಬಿಟ್ಟುಕೊಡುತ್ತಿದ್ದೇವೆ.

ಬೆಳಗಿನ ಉಪವಾಸದ ವೇಳೆಯನ್ನು ನಿರ್ಧರಿಸಲು ನಮ್ಮ ಹಿರಿಯರು ಎರಡು ಬಗೆಯ ಬೆಳಗನ್ನು ಗುರುತಿಸುತ್ತಿದ್ದರು. ಮೊದಲು ಪೂರ್ವದಲ್ಲಿ ಉದ್ದಕ್ಕೆ ಮೇಲೇಳುವ ಮಂದ ಬೆಳಕು. ಅದು ಸುಬ್ಹ್ ಕಾಝಿಬ್, ಸುಳ್ಳು ಬೆಳಗು. ನಂತರ ಕ್ಷಿತಿಜದುದ್ದಕ್ಕೂ ಹರಡುವ ಸುಬ್ಹ್ ಸಾದಿಕ್, ನಿಜವಾದ ಬೆಳಗು. ಆ ಮೊದಲನೆಯದು ಗ್ರಹಗಳ ನಡುವಿನ ಧೂಳಿನ ಮೇಲೆ ಬಿದ್ದ ಸೂರ್ಯನ ಬೆಳಕು ಎಂದು ಖಗೋಳಶಾಸ್ತ್ರ ವಿವರಿಸುತ್ತದೆ. ಬೆಂಗಳೂರಿನಲ್ಲಿ ಇಂದು ಆ ಸೂಕ್ಷ್ಮ ಬೆಳಕು ಯಾರಿಗೂ ಕಾಣದು. ರಮಝಾನಿನ ವೇಳಾಪಟ್ಟಿ ಗೋಡೆಯಲ್ಲಿರುವುದರಿಂದ ಉಪವಾಸಕ್ಕೆ ತೊಂದರೆಯಿಲ್ಲ. ಆದರೆ ಸತ್ಯ ಮತ್ತು ಸುಳ್ಳನ್ನು ಆಕಾಶ ನೋಡಿ ಬೇರ್ಪಡಿಸುತ್ತಿದ್ದ ಕಣ್ಣು ಮುಚ್ಚಿಹೋಯಿತು. ಈಗ ನಗರವೇ ರಾತ್ರಿಯಿಡೀ ಸುಳ್ಳು ಬೆಳಗನ್ನು ತಯಾರಿಸುತ್ತಿದೆ.

ಬೆಳಕು ಕಡಿಮೆಯಾದರೆ ಕಳ್ಳಕಾಕರು ಹೆಚ್ಚುತ್ತಾರೆ, ಹೆಣ್ಣುಮಕ್ಕಳಿಗೆ ರಕ್ಷಣೆ ಇರುವುದಿಲ್ಲ ಎಂಬ ವಾದವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ನ್ಯೂಯಾರ್ಕ್‌ನ ಸರಕಾರಿ ವಸತಿ ಸಮುಚ್ಚಯಗಳಲ್ಲಿ ದೀಪ ಹಾಕಿ ನಡೆಸಿದ ಅಧ್ಯಯನದಲ್ಲಿ ರಾತ್ರಿಯ ಹೊರಾಂಗಣ ಅಪರಾಧಗಳು ಸುಮಾರು ಮೂರನೇ ಒಂದರಷ್ಟು ಇಳಿದವು. ಇನ್ನೊಂದೆಡೆ, ಇಂಗ್ಲೆಂಡ್ ಮತ್ತು ವೇಲ್ಸ್‌ನ 62 ಸ್ಥಳೀಯ ಆಡಳಿತಗಳ ಬಗ್ಗೆ 2015ರಲ್ಲಿ ಬಂದ ಅಧ್ಯಯನ, ಬೀದಿದೀಪಗಳನ್ನು ಮಂದಗೊಳಿಸಿದ ಅಥವಾ ತಡರಾತ್ರಿ ಆರಿಸಿದ ಕಡೆಗಳಲ್ಲಿ ಅಪಘಾತವಾಗಲಿ ಅಪರಾಧವಾಗಲಿ ಹೆಚ್ಚಿದ್ದಕ್ಕೆ ಪುರಾವೆ ಕಾಣಲಿಲ್ಲ. ಎರಡನ್ನೂ ಜೊತೆಗಿಟ್ಟು ಓದಿದರೆ ಅರ್ಥ ಸ್ಪಷ್ಟ. ಬಡವರು ನಡೆಯುವ ದಾರಿಗೆ ಬೆಳಕು ಬೇಕು, ಕುರುಡಾಗಿ ಎಲ್ಲೆಡೆ ಸುರಿಯುವುದರಿಂದ ಲಾಭವಿಲ್ಲ. ಕಣ್ಣು ಕುಕ್ಕುವ ದೀಪದ ಪಕ್ಕದ ನೆರಳು ಇನ್ನಷ್ಟು ಕಪ್ಪಾಗಿರುತ್ತದೆ, ಅಲ್ಲಿ ನಿಂತವನು ಕಾಣುವುದಿಲ್ಲ. ಆ ಗಾರ್ಮೆಂಟ್ಸ್ ಹೆಣ್ಣುಮಗಳ ಹೆಸರಿನಲ್ಲಿ ಹೈಮಾಸ್ಟ್ ಮಂಜೂರಾಗುತ್ತದೆ. ಆದರೆ ಅವಳ ಗಲ್ಲಿಯಲ್ಲಿ ಕೆಟ್ಟುಹೋದ ಬಲ್ಬನ್ನು ಬದಲಿಸಲು ಯಾರೂ ಬರುವುದಿಲ್ಲ.

ಶಬ್ದಕ್ಕೆ ನಮ್ಮಲ್ಲಿ 2000ದಿಂದಲೇ ನಿಯಮಗಳಿವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಬೆಳಕಿನ ಮಾಲಿನ್ಯಕ್ಕೆ ಅಂಥ ರಾಷ್ಟ್ರೀಯ ನಿಯಮವಿಲ್ಲ. ಫ್ರಾನ್ಸಿನಲ್ಲಿ 2013ರಿಂದಲೇ ಅಂಗಡಿಗಳ ಪ್ರದರ್ಶನ ದೀಪಗಳು ರಾತ್ರಿ ಒಂದು ಗಂಟೆಯೊಳಗೆ ಆರಬೇಕು. ಇಲ್ಲಿಯೂ ಕಾನೂನು ಬರಲಿ. ಆದರೆ 2022ರಲ್ಲಿ ಧ್ವನಿವರ್ಧಕದ ನೆಪದಲ್ಲಿ ಒಂದೇ ಸಮುದಾಯದ ಬಾಗಿಲು ತಟ್ಟಿದ ಅನುಭವ ಈ ರಾಜ್ಯಕ್ಕಿದೆ. ಬೆಳಕಿನ ನಿಯಮ ಹಾಗಾಗಬಾರದು. ಮಾಲಿಗೂ ಮಸೀದಿಗೂ, ಗಣೇಶೋತ್ಸವಕ್ಕೂ ಮೀಲಾದಿಗೂ, ರಾಜಕೀಯ ಪಕ್ಷದ ಸಮಾವೇಶಕ್ಕೂ ಒಂದೇ ಅಳತೆಗೋಲು ಇರಬೇಕು. ಹಬ್ಬದ ದೀಪ ಎರಡು ದಿನದ ಸಂಭ್ರಮ, ಅದು ಇರಲಿ. ಬೆಳಗಿನ ಜಾವ ಮೂರಕ್ಕೂ ಮಿನುಗುವ ಸರದೀಪವನ್ನು ಯಾವ ಧರ್ಮವೂ ಕೇಳಿಲ್ಲ. ದುಂದುವೆಚ್ಚವನ್ನು ಖಂಡಿಸಿ ಪ್ರವಚನ ಮಾಡುವ ನಾವು ನಮ್ಮ ಮಿನಾರದ ಫ್ಲಡ್‌ಲೈಟ್ ಯಾವ ದಿಕ್ಕಿಗೆ ತಿರುಗಿದೆ ಎಂದು ಮೊದಲು ನೋಡಬೇಕು.

ಪರಿಹಾರವೇನೂ ರಾಕೆಟ್ ವಿಜ್ಞಾನವಲ್ಲ. ದೀಪಕ್ಕೆ ಮೇಲಿನಿಂದ ಮುಚ್ಚಳವಿರಲಿ, ಬೆಳಕು ನೆಲಕ್ಕಷ್ಟೇ ಬೀಳಲಿ. ಬಣ್ಣ ಹಳದಿಯತ್ತ, 3,000 ಕೆಲ್ವಿನ್ ಒಳಗಿರಲಿ. ಈ ಅಂಕಿ ಬಲ್ಬಿನ ಡಬ್ಬಿಯ ಮೇಲೆಯೇ ಅಚ್ಚಾಗಿರುತ್ತದೆ. ಸಂಚಾರ ತಗ್ಗುವ ಹೊತ್ತಿಗೆ ದೊಡ್ಡ ರಸ್ತೆಗಳ ದೀಪ ಮಂದವಾಗಲಿ. ಅಂಗಡಿ ಬಾಗಿಲು ಹಾಕಿದ ಮೇಲೆ ಜಾಹೀರಾತು ಪರದೆಯೂ ಮಲಗಲಿ. ಹಾನ್ಲೆಯ ಸುತ್ತಣ ಪ್ರದೇಶವನ್ನು 2022ರ ಡಿಸೆಂಬರ್‌ನಲ್ಲಿ ದೇಶದ ಮೊದಲ ಕತ್ತಲಾಕಾಶ ಮೀಸಲು ಪ್ರದೇಶವೆಂದು ಘೋಷಿಸಿದಾಗ ಅಲ್ಲಿನ ಹಳ್ಳಿಗರು ಮಾಡಿಕೊಂಡ ಬದಲಾವಣೆಗಳು ಇಂಥವೇ: ದೀಪಕ್ಕೆ ಮರೆ, ಹಳದಿ ಬಲ್ಬು, ಕಿಟಕಿಗೆ ದಪ್ಪ ಪರದೆ. ಹಳ್ಳಿ ಮಾಡಿದ್ದನ್ನು ಮಹಾನಗರ ಮಾಡಲಾರದೇ? 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗಡುವು ಕೊಟ್ಟಾಗ ಇದೇ ಬೆಂಗಳೂರಿನಲ್ಲಿ ಒಂದೇ ದಿನ ಸಾವಿರಾರು ಫ್ಲೆಕ್ಸ್‌ಗಳು ಕೆಳಗಿಳಿದವು. ಮನಸ್ಸಿದ್ದರೆ ಆಡಳಿತಕ್ಕೆ ಕೈಯೂ ಇರುತ್ತದೆ.

2025ರಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದಿವೆ, ಪಶ್ಚಿಮಕ್ಕೆ ಅದರದೇ ಪಾಲಿಕೆ ದೊರೆತಿದೆ. ಹೊಸ ಮನೆಗೆ ಹೊಸ ದೀಪ ಹಾಕುವ ಮುನ್ನ ವಾರ್ಡ್ ಸಮಿತಿಗಳಲ್ಲಿ ನಾವು ಮೂರು ಪ್ರಶ್ನೆ ಕೇಳೋಣ. ಯಾವ ಗಲ್ಲಿಯಲ್ಲಿ ದೀಪ ಉರಿಯುತ್ತಿಲ್ಲ? ಯಾವ ಕಂಬದ ಬೆಳಕು ನೆಲಕ್ಕೆ ಬೀಳುತ್ತಿಲ್ಲ? ಹೊಸದಾಗಿ ಖರೀದಿಸುವ ದೀಪ ಎಷ್ಟು ಕೆಲ್ವಿನ್‌ನದು? ಉತ್ತರವನ್ನು ಬರಹದಲ್ಲಿ ಪಡೆಯೋಣ. ಮೊದಲ ದೀಪ ಆ ಹೆಣ್ಣುಮಗಳ ಗಲ್ಲಿಗೆ ಹೋಗಲಿ, ಮೊದಲು ಆರುವ ದೀಪ ಆಕಾಶಕ್ಕೆ ಮುಖ ಮಾಡಿರುವುದಾಗಲಿ.