ಪಿಕಪ್ ಓಡಿಸ್ತೀನಿ, ಆದ್ರೆ ತಗೊಳ್ಳಲ್ಲ

ಬೆಳಗಿನ ಜಾವ ನಾಲ್ಕಕ್ಕೆ ನಮ್ಮ ಮಾವನ ಬೊಲೆರೊ ಪಿಕಪ್ ಸ್ಟಾರ್ಟ್ ಆದರೆ ಇಡೀ ಬೀದಿಗೆ ಗೊತ್ತಾಗುತ್ತದೆ. ಟೊಮೆಟೊ ಸೀಸನ್‌ನಲ್ಲಿ ಮಾವನಿಗೆ ನಿದ್ದೆ ಸಾಲುವುದಿಲ್ಲ. ಆಗ ಮುಳಬಾಗಿಲು ಕಡೆಯಿಂದ ಕೋಲಾರದ ಎಪಿಎಂಸಿವರೆಗೂ ಸ್ಟೇರಿಂಗ್ ನನ್ನ ಕೈಗೆ ಬರುತ್ತದೆ. ನನಗದು ಹಬ್ಬ.

ಖಾಲಿ ಪಿಕಪ್ ಓಡಿಸಿದವರಿಗೆ ಗೊತ್ತು, ಹಿಂದಿನ ಪಟ್ಟಾಗಳು ಸಣ್ಣ ಗುಂಡಿಗೂ ಎತ್ತಿ ಕುಕ್ಕುತ್ತವೆ, ಸೊಂಟ ಹಿಡಿದುಕೊಳ್ಳುತ್ತದೆ. ಅದೇ ಗಾಡಿಗೆ ನೂರು ಕ್ರೇಟ್ ಹಾಕಿ ನೋಡಿ. ಕ್ರೇಟಿಗೆ 15 ಕೆ.ಜಿ. ಅಂದರೆ ಹಣ್ಣೇ ಒಂದೂವರೆ ಟನ್, ಕ್ರೇಟಿನ ತೂಕ ಬೇರೆ. ಆಗ ಗಾಡಿ ತುಂಬು ಬಸುರಿ ಥರ ನಿಧಾನವಾಗಿ, ಗಂಭೀರವಾಗಿ ಹೋಗುತ್ತದೆ. ಬ್ರೇಕ್ ದೂರದಿಂದಲೇ ತುಳಿಯಬೇಕು. ಏರಿಗೆ ಮುಂಚೆಯೇ ಗೇರ್ ಇಳಿಸಬೇಕು. ಹಿಂದೆ ಇರುವುದು ಯಾರದೋ ನಾಲ್ಕು ತಿಂಗಳ ಬೆವರು ಅನ್ನೋದು ಕಾಲಿಗೇ ಗೊತ್ತಾಗುತ್ತದೆ. ಕಾರು ಓಡಿಸುವಾಗ ಈ ಸುಖ ನನಗೆ ಯಾವತ್ತೂ ಸಿಕ್ಕಿಲ್ಲ.

(ಲೈಸೆನ್ಸ್ ಬಗ್ಗೆ ಕೇಳುವವರಿಗೆ: ಒಟ್ಟು ತೂಕ 7500 ಕೆ.ಜಿ. ದಾಟದ ಸರಕು ಗಾಡಿಗೆ ಎಲ್‌ಎಂವಿ ಲೈಸೆನ್ಸ್ ಸಾಕು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.)

ಇಷ್ಟು ಖುಷಿಯಾಗಿ ಓಡಿಸುವುದನ್ನು ನೋಡಿ ಊರಿನವರದು ಒಂದೇ ಪ್ರಶ್ನೆ. "ಏನಪ್ಪಾ, ನೀನೂ ಒಂದು ಗಾಡಿ ತಗೋಬಾರ್ದಾ? ಫೈನಾನ್ಸ್‌ನೋರು ಮನೆ ಬಾಗಿಲಿಗೇ ಬರ್ತಾರೆ." ಅಮ್ಮನೂ ಶುರು ಮಾಡಿದ್ದಾಳೆ. ಡೌನ್ ಪೇಮೆಂಟ್‌ಗೆ ಸರ ಅಡ ಇಡುತ್ತಾಳಂತೆ, ಸ್ವಂತ ಗಾಡಿ ಇದ್ದರೆ ಹೆಣ್ಣು ಕೊಡೋಕೆ ಬರುತ್ತಾರಂತೆ.

2023ರ ಜುಲೈ ನೆನಪಿದೆಯಾ? 15 ಕೆ.ಜಿ. ಬಾಕ್ಸ್ ಕೋಲಾರದಲ್ಲಿ 2000 ರೂಪಾಯಿ ದಾಟಿತ್ತು. ಆ ಬಿಸಿಯಲ್ಲಿ ನನ್ನ ಜೊತೆ ಓದಿದವನೊಬ್ಬ ಪಿಕಪ್ ತಗೊಂಡ. ಮೊದಲು ಬಾಡಿಗೆ ಚೆನ್ನಾಗೇ ಬಂತು. ಆಮೇಲೆ ರೇಟು ಬಿತ್ತು, ಕೊಯ್ಲಿನ ಕೂಲಿಯೂ ಹುಟ್ಟಲ್ಲ ಅಂತ ಜನ ಹಣ್ಣನ್ನು ಹೊಲದಲ್ಲೇ ಬಿಟ್ಟರು. ಕೊಯ್ಯದ ಹಣ್ಣಿಗೆ ಬಾಡಿಗೆ ಎಲ್ಲಿಂದ ಬರಬೇಕು? ಅಷ್ಟರಲ್ಲಿ ಪಕ್ಕದ ಬೀದಿಗೆ ಇನ್ನೆರಡು ಪಿಕಪ್ ಬಂದಿದ್ದವು, ಇದ್ದ ಬಾಡಿಗೆಯೂ ಹಂಚಿಹೋಯಿತು. ಕಂತು ಮಾತ್ರ ಪ್ರತಿ ತಿಂಗಳು ಅದೇ ತಾರೀಖಿಗೆ ಬರುತ್ತಿತ್ತು. ಮೂರು ಕಂತು ತಪ್ಪಿದ ಮೇಲೆ ಒಂದು ಮಧ್ಯಾಹ್ನ ಇಬ್ಬರು ಬಂದು, ಅವನ ಮಗಳ ಕಣ್ಣೆದುರೇ ಗಾಡಿ ತಗೊಂಡು ಹೋದರು. ಈಗವನು ಬೇರೆಯವರ ಗಾಡಿಗೆ ಡ್ರೈವರ್.

ಪಿಕಪ್ ಕೊಳ್ಳಲೇಬಾರದು ಅಂತ ನಾನು ಹೇಳುತ್ತಿಲ್ಲ. ಮಾವನಿಗೆ ಮೂರು ಎಕರೆ ತೋಟ ಇದೆ, ಟೊಮೆಟೊ ಇಲ್ಲದಾಗ ಹಾಲಿನ ಕ್ಯಾನು, ಮೇವು, ಸಿಮೆಂಟು ಎಲ್ಲಾ ಹೊಡೆಯುತ್ತಾನೆ. ಅವನಿಗೆ ಅದು ಎತ್ತಿನ ಜೋಡಿ ಇದ್ದ ಹಾಗೆ. ನನಗೆ ಅಷ್ಟು ಕೆಲಸವೇ ಇಲ್ಲ. ಹಳದಿ ಬೋರ್ಡ್ ಗಾಡಿಗೆ ಇನ್ಶೂರೆನ್ಸ್ ಆಯಿತು, ಎರಡು ವರ್ಷಕ್ಕೊಮ್ಮೆ ಎಫ್‌ಸಿ ಆಯಿತು, ಎಂಟು ವರ್ಷ ತುಂಬಿದ ಮೇಲೆ ಅದು ಪ್ರತಿ ವರ್ಷ, ಟೈರು, ಪಟ್ಟಾ, ಕ್ಲಚ್ ಪ್ಲೇಟು ಬೇರೆ. ಓಡಿಸೋ ಆಸೆಗೆ ಇಷ್ಟನ್ನೆಲ್ಲ ತಲೆಗೆ ಕಟ್ಟಿಕೊಳ್ಳಬೇಕಾ? ನಮ್ಮ ತಾತ ಊರಲ್ಲಿ ಯಾರ ಗಾಡಿಯಾದರೂ ಹೂಡುತ್ತಿದ್ದನಂತೆ. ನೀನೂ ಎತ್ತು ತಗೋ ಅಂತ ಅವನ ಬೆನ್ನು ಬಿದ್ದವರಿಲ್ಲ. ಆಗ ಸಾಲ ಕೊಡುವವರು ಬಾಗಿಲಿಗೆ ಬರುತ್ತಿರಲಿಲ್ಲ, ಅದೂ ಒಂದು ಕಾರಣ ಇರಬಹುದು.

"ಹೊರೆ ನಂದು, ಮಜಾ ನಿಂದು" ಅಂತ ಮಾವ ಛೇಡಿಸುತ್ತಾನೆ. ಮಾತು ಸುಳ್ಳಲ್ಲ. ಅದಕ್ಕೇ ನಾನು ಹೋದ ದಿನ ಕೂಲಿ ತಗೊಳ್ಳಲ್ಲ, ಬರುವಾಗ ಗಾಡಿ ತೊಳೆದು ತರುತ್ತೇನೆ. ಅಮ್ಮನ ಸರ ಅವಳ ಕೊರಳಲ್ಲೇ ಇದೆ. ನಾಳೆ ಎಂಬತ್ತು ಕ್ರೇಟ್ ಇದೆಯಂತೆ, ಮೂರೂವರೆಗೇ ಬಾ ಅಂದಿದ್ದಾನೆ.